ಅರ್ಧ ಗುಲಗಂಜಿ

ಹವಾಲ್ದಾರ ಯಮನಪ್ಪ ಬೆಳವಡಿ
ಹಿಡಿಕಿ ಕೆಳಗ ಎಳದು, ಮ್ಯಾಲ ಬಿಟ್ಟು,
"ತೂಗವಾ" ಅಂದ್ರು.
ಹಿತ್ತಾಳಿ ಕೊಳವಿಯಿಂದ ತಟ್ಟಿಗೆ ಇಳಿದ ಮದ್ದು
ಗಸಗಸಿಗಿಂತ ತುಸು ದಪ್ಪ, ಸೀಸದಕಡ್ಡಿ ಬಣ್ಣ.
ತೂಗಿದೆ. ಬರದೆ.
ಮತ್ತ ಎಳದ್ರು. ಮತ್ತ ತೂಗಿದೆ.
ಮುಳ್ಳು ಈ ಸಲ ನನ್ನ ಕಡೆ ವಾಲಿತ್ತು.

ಶಹಾಪುರದ ಅಕ್ಕಸಾಲಿ ಮಗಳು ನಾನು, ನೋಡಿದ ಕೂಡಲೆ ಗೊತ್ತು:
ಫರಕು ಅರ್ಧ ಗುಲಗಂಜಿ.
ಮೂಗುತಿಯೊಳಗಾದ್ರ ಅದು ಒಂದು ಜಗಳ.
ಇಲ್ಲೆ, ಮುನ್ನೂರು ಮೀಟರ್ ಆಚಿ ಕಾಗದದ ಮ್ಯಾಲ
ಒಂದು ತೂತು ಮ್ಯಾಲ, ಒಂದು ತೂತು ಕೆಳಗ,
ನಡುವಿನ ಕರೇ ಚುಕ್ಕಿ ಹಂಗ ಉಳದಿತ್ತು.
ತಹಸೀನಾ ಕಿತ್ತೂರ ತನ್ನ ಉಸಿರನ್ನ ಬೈಕೊಂಡ್ಲು,
ಆಮ್ಯಾಲ ಚಾ ಕುಡಿಯೋದು ಬಿಟ್ಲು, ಪಾಪ.

ಏನೇನು ಮಾಡಿದ್ವಿ!
ಡ್ರಮ್ಮು ಬಿಚ್ಚಿ ಒರಸಿದ್ವಿ, ಎಣ್ಣಿ ಪಸಿ ತಗದ್ವಿ.
ಬೆಳಗಾವಿ ಮಳಿ, ಥಂಡಿ ಹಿಡದೈತಿ ಅಂತ
ಡಬ್ಬಿ ಮುಚ್ಚಳಕ್ಕ ಹೊಸ ರಬ್ಬರ ಹಾಕಿದ್ವಿ.
ಪ್ಲಾಸ್ಟಿಕ್ ಗೋಡಿಗೆ ಕಾಳು ಅಂಟತಾವ ಅಂತ
ತಾಮ್ರದ ತಂತಿ ಕಟ್ಟಿ ನೆಲಕ್ಕ ಇಳಿಸಿದ್ವಿ.
ಮಟ್ಟ ಅರ್ಧಕ್ಕ ಇಳಿಯೋದರೊಳಗ ತುಂಬಿದ್ವಿ,
ಒಳಗೊಂದು ತಗಡಿನ ಅಡ್ಡಪಟ್ಟಿ ಇಟ್ವಿ.
ತೂಕ ತಪ್ಪಿದ್ದನ್ನ ಒಂದು ಕಾಡತೂಸಿಗೂ ತುಂಬಲಿಲ್ಲ.
"ನಿಮ್ಮ ಕೈ ಒಮ್ಮೆ ಜೋರು, ಒಮ್ಮೆ ಸಾವಕಾಶ" ಅಂದೆ.
ಅಂದಿದ್ದು ತಪ್ಪಾತು.
ಇಪ್ಪತ್ತೆಂಟು ವರ್ಷ ಪಲ್ಟನ್ನಿನಾಗಿದ್ದ ಕೈ
ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ.

ವಹಿ ಮಾತ್ರ ಬರಕೊಂತ ಹ್ವಾದೆ:
ತಾರೀಖು, ತಾಸು, ತೂಕ.
ಒಂಬತ್ತನೇ ದಿನ ಪುಟ ತಿರಗಿಸಿದಾಗ ಕಂಡಿದ್ದು,
ಒಂದರಿಂದ ಎರಡರ ತನಕ, ದಿನಾ,
ಅಂಕಿ ಒಂದರ ಕೆಳಗೊಂದು ಕೂತಾವ,
ಸಾಲಿ ಹುಡುಗರು ಪ್ರಾರ್ಥನಾಕ್ಕ ನಿಂತಂಗ.
"ಹಸಿವಿ ಆದಾಗ ನನ್ನ ಕೈ ನೆಟ್ಟಗ ಬರತೈತಿ" ಅಂದ್ರು ಹವಾಲ್ದಾರ.
ನಕ್ಕೆ. ರೊಟ್ಟಿ ಡಬ್ಬಿ ತಗದೆ.

ಎರಡಕ್ಕ ಸರಿಯಾಗಿ ಗೋಡಿ ಆಚಿ
ಮೋಹಿತೆ ಅವರ ಪವರ್ ಪ್ರೆಸ್ಸು
ಧಡ್ ಅಂತು.
ವಾಟಗದಾಗಿನ ಶೇಂಗಾ ಹಿಂಡಿ ತುಸು ಕೆಳಗ ಕೂತಿತು.
ಮತ್ತ ಧಡ್.
ಮತ್ತ ತುಸು ಕೂತಿತು.
ಇಬ್ಬರೂ ವಾಟಗ ನೋಡಿದ್ವಿ.
ಕೈಯಾಗಿನ ತುತ್ತು ಕೈಯಾಗ.

ಉದ್ಯಮಬಾಗದ ಆ ಖೋಲ್ಯಾಗ ಹದಿನಾರು ತಿಂಗಳು.
ಆ ಧಡ್ ನಮಗ ಕೇಳೋದು ಯಾವಾಗ ನಿಂತಿತ್ತೋ!
ಕಾಳಿಗೆ ಕೇಳತಿತ್ತು.
ಒಂದೊಂದು ಬಡತಕ್ಕೂ ಒತ್ತೊತ್ತಿ ಕೂಡತಿದ್ವು,
ಅದೇ ಅಳತಿ ಗುಂಡಿಯೊಳಗ ನಾಕು ಕಾಳು ಹೆಚ್ಚು.

ಸಂಜಿಕ್ಕ ಗೋವಾವೇಸ್ ಸರ್ಕಲ್ಲಿನಾಗ
ಸಿಗ್ನಲ್ ಬಿದ್ದು ಗಾಡಿ ನಿಲ್ಲಿಸಿದಾಗ ಅಪ್ಪ ನೆನಪಾದ.
ನಮ್ಮ ಅಂಗಡಿಗೆ ಎರಡೂ ಬಾಜೂ ಪವರ್‌ಲೂಮು.
ಕರೆಂಟ್ ಹೋಗೋ ತನಕ ಅಪ್ಪ ತಕ್ಕಡಿ ತಗೀತಿರಲಿಲ್ಲ.
"ಕುಂಡ್ರಿ, ಚಾ ಬರತೈತಿ" ಅಂತ ಗಿರಾಕಿನ ಕೂಡಿಸಿ,
ಮಗ್ಗ ನಿಂತ ಮ್ಯಾಲ ಕಂದೀಲು ಹಚ್ಚಿ ತೂಗತಿದ್ದ.
ಕತ್ತಲಾಗ ತೂಗೋ ಪೋತದಾರ, ಅಂತಿದ್ರು ಗಲ್ಲಿಯಾಗ.
ನನ್ನ ಕಿವಿಗೂ ಬಿದ್ದಿತ್ತು ಆ ಮಾತು.
ಯಾಕಪ್ಪಾ ಅಂತ ಒಂದು ದಿನಾನೂ ಕೇಳಲಿಲ್ಲ ನಾನು.
ಕೇಳಿದ್ರ ಏನು ಹೇಳತಾನೋ ಅನ್ನೋ ಅಂಜಿಕಿ.
ಹಿಂದಿನ ಗಾಡಿಯಂವ ಹಾರ್ನ್ ಹೊಡದ.
ಹಸಿರು ಬಿದ್ದು ಎಷ್ಟೊತ್ತಾಗಿತ್ತೋ.

"ಪ್ರೆಸ್ಸು ನಿಂತ್ರ ಹನ್ನೊಂದು ಮಂದಿ ಪಗಾರ ನಿಂತಂಗ್ರಿ"
ಅಂದ್ರು ಮೋಹಿತೆ. ಅದೂ ಖರೇನ.
ಈಗ ನಮ್ಮ ಊಟ ಎರಡೂವರಿಗೆ.
ಆಚಿ ಮಂದಿ ಕೈ ತೊಳಿಯೋ ನೀರಿನ ಸಪ್ಪಳ ಕೇಳಿದ ಕೂಡಲೆ
ಹವಾಲ್ದಾರ ಹಿಡಿಕಿಗೆ ಕೈ ಹಚ್ಚತಾರ,
ನಾನು ತೇಗದ ಪೆಟಗಿಯಿಂದ ಅಪ್ಪನ ತಕ್ಕಡಿ ತಗೀತೀನಿ.
"ಎಷ್ಟು?" ಅಂತಾರ.
ತಡೀರಿ,
ಮುಳ್ಳು ನಿಲ್ಲಲಿ.